ಏಳನೆಯದು, ಹನ್ನೆರಡನೆಯದು

ಕರಿಸಿದ್ದಪ್ಪ ಗಾಜಿನ ಪಟ್ಟಿಯನ್ನು ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಬೆರಳುದ್ದದ ಗಾಜು. ನಡುವೆ ಹೆಬ್ಬೆರಳ ಉಗುರಿನಷ್ಟು ಅಗಲದ ನಸುಗೆಂಪು ಕಲೆ, ಅಂಚಿನಲ್ಲಿ ಅಲ್ಲಲ್ಲಿ ನೇರಳೆ. ಅದನ್ನು ಇಟ್ಟು ಇನ್ನೊಂದು ಎತ್ತಿಕೊಂಡ. ಅದರಲ್ಲೂ ಅಂಥದೇ ಕಲೆ. ಮರದ ಪೆಟ್ಟಿಗೆಯ ಸಂದುಗಳಲ್ಲಿ ಇನ್ನೂ ಮೂವತ್ತೆಂಟು ಸಾಲಾಗಿ ನಿಂತಿದ್ದವು.

"ಇದರಾಗ ಗಂಡು ಯಾವುದು, ಹೆಣ್ಣು ಯಾವುದು?" ಎಂದು ಕೇಳಿದ.

"ಅದನ್ನ ತಿಳ್ಕೊಳ್ಳಾಕ ಐದು ವರ್ಸ ಆತು ನೋಡಪ್ಪ," ಎಂದಳು ಗಂಗಾಂಬಿಕಾ.

ಅಂಗಳದ ಆಚೆ ಬೇವಿನ ನೆರಳಲ್ಲಿ ಚೌಡಕ್ಕ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದಳು. ಮಗಳ ಮಾತು ಕೇಳಿ ಅವಳ ಕೈಯ ಸುತ್ತಿಗೆ ನಿಂತಿತು.

"ಐದು ವರ್ಸ ಯಾಕ? ಬಾಲ ಎತ್ತಿ ನೋಡಿದ್ರ ನಾ ಹೇಳ್ತಿದ್ದೆ."

"ಅದಕ್ಕ ಬಾಲ ಇಲ್ಲವ್ವ."

"ಬಾಲ ಇಲ್ಲದ್ದರ ಹಿಂದ ನೀ ಯಾಕ ಹೋದಿ?" ಎಂದು ಚೌಡಕ್ಕ ಮತ್ತೆ ಸುತ್ತಿಗೆ ಎತ್ತಿದಳು.

ಗಂಗಾಂಬಿಕಾ ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಅವಳ ವಿಷಯ, ಕಡಲತಳದ ಬಂಡೆಗಳಿಗೆ ಅಂಟಿಕೊಂಡು ಬದುಕುವ ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಎಂಬ ಜೀವಿ. ಮೊದಲ ಸಲ ಅದರ ಫೋಟೊ ತೋರಿಸಿದಾಗ ಕರಿಸಿದ್ದಪ್ಪ ಉಮ್ಮತ್ತಿ ಕಾಯಿ ಎಂದಿದ್ದ. ಆಮೇಲೆ ತಾನೇ ಅದಕ್ಕೆ ಮುಳ್ಳುಚೆಂಡು ಎಂದು ಹೆಸರಿಟ್ಟ. ಅದಕ್ಕೆ ಬಾಯಿ ಹೊಟ್ಟೆಯ ಕೆಳಗೆ ಇರುತ್ತದೆ, ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ ಎಂದು ಮಗಳು ಹೇಳಿದಾಗ ಅವನ ಮುಖ ಅರಳಿತ್ತು. ಹಂಗಾದ್ರ ಅದೂ ಮೇಯೋ ಜಾತಿನೇ ಅನ್ನು, ಎಂದಿದ್ದ. ಹಲ್ಲು ಎಷ್ಟು ಎಂದು ಕೇಳಿ, ಐದು ಎಂದು ಗೊತ್ತಾದ ಮೇಲೆ ಎರಡು ದಿನ ಸಿಕ್ಕವರಿಗೆಲ್ಲ ಅದನ್ನೇ ಹೇಳಿದ್ದ. ನಲವತ್ತು ವರ್ಷ ಎರಡೆರಡಾಗಿ ಮೂಡುವ ಹಲ್ಲು ನೋಡಿ ಕುರಿಯ ವಯಸ್ಸು ಹೇಳಿದವನಿಗೆ ಐದು ಹಲ್ಲಿನ ಲೆಕ್ಕ ಎಲ್ಲೂ ಕೂಡಿರಲಿಲ್ಲ. ಕಡಲನ್ನು ಅವನು ನೋಡಿದವನಲ್ಲ. ಕುರಿ ಹೊಡೆದುಕೊಂಡು ಬಹಳ ದೂರ ಹೋದದ್ದೆಂದರೆ ಹಡಗಲಿಯ ಆಚೆ ಹೊಳೆದಂಡೆಯವರೆಗೆ.

ಮುಳ್ಳುಚೆಂಡಿನ ಚಿಪ್ಪನ್ನು ಒಡೆದರೆ ಒಳಗೆ ಕಿತ್ತಳೆಯ ತೊಳೆಗಳ ಹಾಗೆ ಐದು ಎಸಳು. ಗಂಡಾದರೆ ವೀರ್ಯ, ಹೆಣ್ಣಾದರೆ ಮೊಟ್ಟೆ, ಎರಡೂ ಆ ಎಸಳುಗಳಲ್ಲೇ. ಬೆದೆಯ ಕಾಲದಲ್ಲಿ ಯಾರು ನೋಡಿದರೂ ಹೇಳಬಹುದು. ಆದರೆ ವರ್ಷದ ಕೆಲವು ತಿಂಗಳು ಆ ಎಸಳುಗಳಲ್ಲಿ ಮುಂದಿನ ಬೆದೆಗೆ ಬೇಕಾದ ಕೊಬ್ಬು, ಸತ್ವ ಮಾತ್ರ ತುಂಬಿಕೊಂಡಿರುತ್ತದೆ. ಆಗ ಗಂಡು ಹೆಣ್ಣು ಎರಡೂ ಒಂದೇ ಬಣ್ಣ, ಒಂದೇ ಮೈ. ಎಸಳಿನ ತೆಳು ಪದರವೊಂದನ್ನು ಗಾಜಿಗೆ ಅಂಟಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ಹುಡುಕಿದರೆ ಮೂಲೆಯಲ್ಲೆಲ್ಲೋ ಒಂದು ಸುಳಿವು ಸಿಗುತ್ತದೆ. ಹೊರಗೆ ಏನೂ ಕಾಣದ ಆ ಕಾಲದಲ್ಲೂ ಒಳಗಿನ ರಸಾಯನಕ್ಕೆ ತಾನು ಗಂಡೋ ಹೆಣ್ಣೋ ಎಂಬುದು ಗೊತ್ತಿರುತ್ತದೆಯೇ, ಎಂಬುದು ಗಂಗಾಂಬಿಕಾಳ ಪ್ರಶ್ನೆ.

ಅದನ್ನು ಅಪ್ಪನಿಗೆ ಬಿಡಿಸಿ ಹೇಳಲು ಅವಳು ಹಾಲಿನ ಮಾತು ತೆಗೆದಿದ್ದಳು. "ಎಲ್ಲದಕ್ಕೂ ಒಂದ ಹಾಲು ಕೊಡ್ತೀನಿ ಅಂತ ತಿಳ್ಕೊ. ಒಂದು ಅದನ್ನ ಮೊಸರು ಮಾಡತೈತಿ. ಇನ್ನೊಂದು ಕೋವ ಮಾಡತೈತಿ. ಏನು ಮಾಡ್ತು ಅಂತ ನೋಡಿ, ಇದು ಗಂಡು, ಇದು ಹೆಣ್ಣು ಅಂತ ಹೇಳಾಕ ಬರತೈತೇನು?" ಹಾಲು ಎಂದದ್ದು ಒಂದು ಸ್ಟೀರಾಯ್ಡ್ ಹಾರ್ಮೋನಿಗೆ. ಎಸಳಿನ ತುಣುಕನ್ನು ಆ ಹಾರ್ಮೋನಿದ್ದ ನೀರಿನಲ್ಲಿ ಇಡೀ ದಿನ ಇಟ್ಟರೆ, ತುಣುಕು ಅದನ್ನು ಬೇರೆ ಬೇರೆ ಹಾರ್ಮೋನುಗಳಾಗಿ ಬದಲಿಸುತ್ತಿತ್ತು. ಗಂಡಿನದು ಒಂದು ದಾರಿ, ಹೆಣ್ಣಿನದು ಇನ್ನೊಂದು. ಇಪ್ಪತ್ತು ಮುಳ್ಳುಚೆಂಡುಗಳಲ್ಲಿ ಹದಿನೆಂಟು ಹೀಗೆ ಮಾತು ಕೇಳಿದ್ದವು. ಏಳನೆಯದು, ಹನ್ನೆರಡನೆಯದು ಕೇಳಿರಲಿಲ್ಲ. ಏಳನೆಯದು ಗಾಜಿನಲ್ಲಿ ಗಂಡು, ರಸಾಯನದಲ್ಲಿ ಹೆಣ್ಣು. ಹನ್ನೆರಡನೆಯದು ಅದರ ತಿರುವುಮುರುವು.

ಆ ಎರಡನ್ನು ಅವಳು ಬಹಳ ಹಚ್ಚಿಕೊಂಡಿದ್ದಳು. ಇನ್ನೂ ಏನೆಂದು ನಿರ್ಧಾರ ಮಾಡಿರದ ಜೀವಗಳು ಎಂದು ಪ್ರಬಂಧದಲ್ಲಿ ಬರೆದು, ಅದು ಕಥೆಯಾಯಿತು ಎಂದು ಹೊಡೆದುಹಾಕಿ, ಮತ್ತೆ ಬರೆದಿದ್ದಳು. ಹದಿನೆಂಟರ ವಿಷಯ ಹೊಸದಲ್ಲ. ಬೇರೆ ದೇಶದವರು ಬೇರೆ ಜಾತಿಯ ಅರ್ಚಿನ್‌ನಲ್ಲಿ ಅಂಥದನ್ನು ಮೊದಲೇ ಕಂಡಿದ್ದರು. ಹೊಸದೇನಿದ್ದರೂ ಆ ಎರಡು. ಮೂರನೆಯ ಅಧ್ಯಾಯ ಪೂರ್ತಿ ಅವುಗಳ ಮೇಲೆಯೇ ನಿಂತಿತ್ತು. ಆ ಅಧ್ಯಾಯ ಮುಗಿದರೆ ಮೇ ಕೊನೆಗೆ ಪ್ರಬಂಧ ಒಪ್ಪಿಸಬಹುದಿತ್ತು. ಒಪ್ಪಿಸಿದರೆ ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಕಾದಿತ್ತು, ಮನೆಯೂ ನೋಡಿಟ್ಟಿದ್ದಳು. ಜೂನ್‌ನಲ್ಲಿ ಮಗಳು ಕೀರ್ತನಾಳನ್ನು ಕರೆದುಕೊಂಡು ಹೋಗಿ ಒಂದನೇ ತರಗತಿಗೆ ಸೇರಿಸುವುದೆಂದು ಗೊತ್ತಾಗಿತ್ತು. ಕೀರ್ತನಾ ಎರಡು ವರ್ಷದವಳಿದ್ದಾಗಿನಿಂದ ಕಾನಹೊಸಹಳ್ಳಿಯಲ್ಲಿ ಅಜ್ಜಿ ತಾತನ ಹತ್ತಿರವೇ ಬೆಳೆದಿದ್ದಳು. ಅವಳ ಅಪ್ಪ ಕಾಂತೇಶ್ ಹಡಗಲಿ ಡಿಪೋದ ಬಸ್ ಚಾಲಕ. ವಾರದ ರಜೆಗೊಮ್ಮೆ ಬಂದು ಹೋಗುತ್ತಿದ್ದ. ಗಂಗಾಂಬಿಕಾ ಎರಡು ತಿಂಗಳಿಗೊಮ್ಮೆ.

ಗೈಡ್ ಸರ್ ಒಂದು ಮಾತು ಹೇಳಿ ಕಳಿಸಿದ್ದರು. ಪ್ರತಿ ಅರ್ಚಿನ್‌ನಿಂದ ಎರಡು ಗಾಜು ಮಾಡಿದ್ದರು. ಒಂದೇ ಎಸಳನ್ನು ಅಡ್ಡಕ್ಕೆ ಸೀಳಿ, ಒಂದು ಹೋಳು ಅಂದೇ ಗಾಜಿಗೆ. ಅದಕ್ಕೆ ಆ ಅರ್ಚಿನ್‌ನ ಅಂಕಿ ಬರೆದ ಹಸಿರು ಚೀಟಿ. ಇನ್ನೊಂದು ಹೋಳು ಹಾರ್ಮೋನಿನ ನೀರಿಗೆ ಇಳಿದು, ಪರೀಕ್ಷೆ ಮುಗಿದ ಮೇಲೆ ಗಾಜಿಗೆ. ಅದಕ್ಕೆ ಅದೇ ಅಂಕಿಯ ಕೆಂಪು ಚೀಟಿ. ಹಸಿರನ್ನು ಮಾತ್ರ ಅವಳು ಓದಿದ್ದಳು. ಕೆಂಪನ್ನೂ ಓದು, ನಲವತ್ತನ್ನೂ ಕಲಸಿ, ಚೀಟಿ ಮುಚ್ಚಿ, ಯಾವುದು ಯಾವುದೆಂದು ನಿನಗೇ ಗೊತ್ತಿಲ್ಲದ ಹಾಗೆ ಓದು, ಎಂದಿದ್ದರು. ನಮಗೆ ಏನು ಬೇಕೋ ಅದನ್ನೇ ಕಣ್ಣು ನೋಡುತ್ತದೆ, ಎಂದೂ ಸೇರಿಸಿದ್ದರು.

ಚೀಟಿ ಮುಚ್ಚಿ ಕಲಸುವುದಕ್ಕೆ ಓದು ಬಾರದ ಅಪ್ಪನಿಗಿಂತ ಒಳ್ಳೆಯವರು ಯಾರು ಸಿಕ್ಕಾರು? ಕೀರ್ತನಾಳ ಪುಸ್ತಕಕ್ಕೆ ತಂದಿದ್ದ ಹೆಸರಿನ ಚೀಟಿಗಳನ್ನು ಕತ್ತರಿಸಿ ಅಪ್ಪನಿಗೆ ಕೊಟ್ಟಳು. ಒಂದೊಂದು ಗಾಜಿನ ಚೀಟಿಯ ಮೇಲೂ ಒಂದು ಅಂಟಿಸು, ಎಲ್ಲವನ್ನೂ ಚೆನ್ನಾಗಿ ಕಲಸು, ಆಮೇಲೆ ಕೀರ್ತನಾ ಮೇಲೆ ಒಂದರಿಂದ ನಲವತ್ತು ಬರೆಯಲಿ, ಎಂದಳು. ಅಂಚು ಹಿಡಿ, ನಡುವೆ ಮುಟ್ಟಬೇಡ ಎಂದಳು. ಕರಿಸಿದ್ದಪ್ಪ ಕೈ ತೊಳೆದುಕೊಂಡು ಬಂದು, ಹೆಗಲ ಕಂಬಳಿಯನ್ನು ಹಾಸಿ, ಅದರ ಮೇಲೆ ಬಿಳಿ ಟವಲು ಹಾಸಿ, ದೇವರ ಮುಂದೆ ಕೂತವನ ಹಾಗೆ ಕೂತ. ಗಂಗಾಂಬಿಕಾ ಸೂಕ್ಷ್ಮದರ್ಶಕ ತರಲು ಕೂಡ್ಲಿಗಿಗೆ ಹೋದಳು. ಪಿಯುಸಿಯಲ್ಲಿ ಅವಳಿಗೆ ಪಾಠ ಹೇಳಿದ್ದ ವೀರಭದ್ರಯ್ಯ ಮೇಷ್ಟ್ರು ಅದನ್ನು ಸೀರೆಯಲ್ಲಿ ಸುತ್ತಿಟ್ಟಿದ್ದರು. ಬಸ್ಸಿನಲ್ಲಿ ಮಗುವನ್ನು ಕೂರಿಸಿಕೊಂಡ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಳು. ಬರುವಷ್ಟರಲ್ಲಿ ಪೆಟ್ಟಿಗೆ ತುಂಬಿತ್ತು. ಕೀರ್ತನಾಳ ಅಂಕಿಗಳು ಸಾಲಾಗಿ, ಒಂಬತ್ತು ಮಾತ್ರ ಮಲಗಿಕೊಂಡು, ನಲವತ್ತರ ತನಕ ಇದ್ದವು.

ಮರುದಿನ ಬೆಳಿಗ್ಗೆ, ಅಪ್ಪ ಕುರಿ ಬಿಟ್ಟುಕೊಂಡು ಹೋದ ಮೇಲೆ, ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿ ಓದಲು ಕೂತಳು. ಒಂದು ಗಾಜಿಗೆ ಹತ್ತು ನಿಮಿಷ. ಗುಲಾಬಿ ಬಣ್ಣದ ದೊಡ್ಡ ದೊಡ್ಡ ಕೋಶಗಳ ನಡುವೆ ಅಂಚಿನಲ್ಲಿ ಎಲ್ಲೋ ನೇರಳೆ ಹುಡಿ ಚೆಲ್ಲಿದಂತೆ ಕಂಡರೆ ಗಂಡು. ಗುಂಡಗೆ, ನಡುವೆ ಚುಕ್ಕೆಯಿಟ್ಟ ಒಂದೆರಡು ಕಂಡರೆ ಹೆಣ್ಣು. ಒಂದು, ಗಂಡು. ಎರಡು, ಗಂಡು. ಮೂರು, ಹೆಣ್ಣು. ನಾಲ್ಕು, ಹೆಣ್ಣು. ಹನ್ನೆರಡರ ತನಕ ಬಂದಾಗ ಪೆನ್ನು ನಿಂತಿತು. ಎರಡೆರಡು ಒಂದೇ ಥರ ಬರುತ್ತಿದ್ದವು. ಹದಿಮೂರು, ಹದಿನಾಲ್ಕನ್ನು ಕಣ್ಣಿನಿಂದಲೇ ಬೆಳಕಿಗೆ ಹಿಡಿದಳು. ಎರಡೂ ಕಲೆಗಳ ಆಕಾರ ಒಂದೇ. ಹದಿನೈದು, ಹದಿನಾರೂ ಒಂದೇ.

ಮಧ್ಯಾಹ್ನ ಅಪ್ಪ ನೀರಿಗೆ ಕುರಿ ಹೊಡೆದುಕೊಂಡು ಬಂದಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಕಲಸು ಅಂದಿದ್ದೆನಲ್ಲ ಎಂದು ಕೇಳಿದಳು. ಕರಿಸಿದ್ದಪ್ಪ ಕಲಸಿದ್ದೆನೆಂದ. ಟವಲಿನೊಳಗೆ ಹಾಕಿ ಜೋಳದ ಹಾಗೆ ಕಲಸಿದ್ದನಂತೆ.

"ಆಮ್ಯಾಲೆ?"

"ಆಮ್ಯಾಲೆ ಜೋಡಿ ಮಾಡಿದೆ."

"ಯಾರು ಮಾಡು ಅಂದ್ರು ನಿನಗ?"

ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಲ್ಲಾ ಚೆಲ್ಲಾಪಿಲ್ಲಿ ಬಿದ್ದಿದ್ವು. ತಾಯಿ ಒಂದು ಕಡಿ, ಮರಿ ಒಂದು ಕಡಿ ಬಿಟ್ಟು ಹೆಂಗ ಏಳ್ಲಿ ನಾನು?"

ಚೌಡಕ್ಕ ನಕ್ಕುಬಿಟ್ಟಳು. ಮದುವೆ ಮಾತಿಗೆ ಬಂದ ಹೆಣ್ಣಿನ ಮನೆಯವರಿಗೆ ನೀರು ಕೊಡುವುದನ್ನು ಬಿಟ್ಟು, ತಪ್ಪಿಸಿಕೊಂಡ ಮರಿಗೆ ತಾಯಿ ತೋರಿಸಲು ಹೋದವ ಇವನು, ಎಂದು ಹಳೆಯದೊಂದನ್ನು ತೆಗೆದಳು. ಗಂಗಾಂಬಿಕಾ ನಗಲಿಲ್ಲ. ಒಂದು ದಿನದ ಕೆಲಸ ಹಾಳಾಗಿತ್ತು. ಜೋಡಿ ಇದೆ ಎಂದು ಗೊತ್ತಾದ ಮೇಲೆ ಒಂದನ್ನು ಓದಿದರೆ ಇನ್ನೊಂದನ್ನು ಓದಿದ ಹಾಗೇ. ಇಂಥವರ ಕೈಗೆ ಕೊಟ್ಟದ್ದು ನನ್ನದೇ ತಪ್ಪು, ಎಂದು ಗೊಣಗುತ್ತ ಮತ್ತೆ ಕಲಸಲೆಂದು ಮೇಲಿನ ಚೀಟಿಗಳನ್ನು ಕಿತ್ತಳು.

ಮೊದಲ ಜೋಡಿಯ ಒಳಗೆ ಹಸಿರು ನಾಲ್ಕು, ಕೆಂಪು ನಾಲ್ಕು. ಎರಡನೆಯದರಲ್ಲಿ ಹಸಿರು ಹದಿನೈದು, ಕೆಂಪು ಹದಿನೈದು. ಕೈ ನಿಧಾನವಾಯಿತು. ಹಸಿರು ಒಂದು, ಕೆಂಪು ಒಂದು. ಅಪ್ಪ ಚೀಟಿ ನೋಡಿರಬಹುದೇ ಎಂದುಕೊಂಡಳು. ನೋಡಿದರೂ ಅವನಿಗೆ ಅಂಕಿ ಬಾರದು. ಚೀಟಿ ಮುಚ್ಚಿದ ಮೇಲೆಯೇ ಕಲಸಿದ್ದು ಎಂದು ಕೀರ್ತನಾಳೂ ಹೇಳಿದಳು. ತಾತ ಒಂದೊಂದನ್ನೇ ಬಿಸಿಲಿಗೆ ಹಿಡಿದು, ಬಾರವ್ವ, ನಿನ್ನ ಮಂದಿ ಎಲ್ಲದಾರ, ಎಂದು ಕೇಳುತ್ತಿದ್ದನಂತೆ. ಗಂಗಾಂಬಿಕಾಳ ಸಿಟ್ಟು ಎಲ್ಲೋ ಹೋಯಿತು. ಇದು ಹೇಗಾಯಿತು ಎಂಬುದೊಂದೇ ಉಳಿಯಿತು. ಅವಳು ಐದು ವರ್ಷ ಕೋಶಗಳ ಒಳಗೇ ಕಣ್ಣಿಟ್ಟಿದ್ದಳು. ಕಲೆಯ ಹೊರ ಅಂಚನ್ನು, ಸೌತೆಕಾಯಿ ಅಡ್ಡ ಕೊಯ್ದಾಗ ಎರಡು ಹೋಳಿನ ಮುಖವೂ ಒಂದೇ ಇರುವಂತೆ ಈ ಅಂಚೂ ಒಂದೇ ಇರಬೇಕು ಎಂಬುದನ್ನು, ಒಂದು ದಿನವೂ ನೋಡಿರಲಿಲ್ಲ. ಉಳಿದವನ್ನು ಕುತೂಹಲದಿಂದ ಕಿತ್ತಳು. ಹದಿನೆಂಟು ಜೋಡಿ ಸರಿ ಇದ್ದವು.

ಎರಡು ಸರಿ ಇರಲಿಲ್ಲ. ಒಂದರಲ್ಲಿ ಹಸಿರು ಏಳು, ಕೆಂಪು ಹನ್ನೆರಡು. ಇನ್ನೊಂದರಲ್ಲಿ ಹಸಿರು ಹನ್ನೆರಡು, ಕೆಂಪು ಏಳು.

ಮೊದಲು ಅವಳಿಗೆ ಸಮಾಧಾನವೇ ಆಯಿತು. ಅಪ್ಪನೂ ತಪ್ಪುತ್ತಾನೆ ಎಂದು ಸಣ್ಣಗೆ ನಗುತ್ತ ನಾಲ್ಕನ್ನೂ ಅವನ ಹತ್ತಿರ ಒಯ್ದಳು. ಅವನು ತೊಟ್ಟಿಯ ಕಟ್ಟೆಯ ಮೇಲೆ ಕೂತು ಟಗರೊಂದರ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದ.

"ಇವೆರಡು ಜೋಡಿ ತಪ್ಪ್ಯಾವ ನೋಡಪ್ಪ."

ಅವನು ಕೈ ಒರೆಸಿಕೊಂಡು ಒಂದೊಂದನ್ನೇ ಬಿಸಿಲಿಗೆ ಹಿಡಿದ. ತಿರುಗಿಸಿ ಹಿಡಿದ. ಆಮೇಲೆ ತಾನು ಜೋಡಿಸಿದ್ದ ಹಾಗೆಯೇ ಅವಳ ಕೈಗೆ ವಾಪಸು ಕೊಟ್ಟ.

"ನನ್ನವು ತಪ್ಪಿಲ್ಲ," ಎಂದ. "ಇಲ್ಲಿ ನೋಡು, ಕಿವಿ ಹರದೈತಿ. ಇದಕ್ಕೂ ಅದ ಕಡಿ ಹರದೈತಿ. ಆ ಇನ್ನೊಂದರ ಜೋಡಿಗೆ ಹರಕು ಇಲ್ಲ, ಗೂನು ಐತಿ. ಎರಡಕ್ಕೂ ಐತಿ."

ಅವಳು ಒಳಗೆ ಬಂದು ಸೂಕ್ಷ್ಮದರ್ಶಕದ ಚಿಕ್ಕ ಮಸೂರ ಹಾಕಿ ನೋಡಿದಳು. ಹಸಿರು ಏಳರ ಅಂಚಿನಲ್ಲಿ ಸಣ್ಣದೊಂದು ಸೀಳು, ಸೀಳಿನ ಪಕ್ಕದಲ್ಲಿ ಒಂದು ಮಡಿಕೆ. ಕೆಂಪು ಹನ್ನೆರಡರಲ್ಲಿ ಅದೇ ಸೀಳು, ಅದೇ ಮಡಿಕೆ. ಗಾಜು ಬದಲಿಸಿದಳು, ಮತ್ತೆ ಬದಲಿಸಿದಳು. ಹಸಿರು ಏಳೂ ಕೆಂಪು ಹನ್ನೆರಡೂ ಒಂದೇ ಎಸಳಿನ ಎರಡು ಹೋಳು. ಅಂದರೆ ಏಳು ಎಂದು ಬರೆದುಕೊಂಡ ರಸಾಯನ ಹನ್ನೆರಡರದು, ಹನ್ನೆರಡು ಎಂದು ಬರೆದುಕೊಂಡದ್ದು ಏಳರದು. ನಿರ್ಧಾರ ಮಾಡಿರದ ಜೀವಗಳು ಯಾವೂ ಇರಲಿಲ್ಲ. ಒಂದು ಗಂಡು, ಒಂದು ಹೆಣ್ಣು, ಉಳಿದ ಹದಿನೆಂಟರ ಹಾಗೆಯೇ.

ಪರೀಕ್ಷೆಯ ದಿನದ ನೋಟ್‌ಬುಕ್ಕಿನ ಪುಟದ ಫೋಟೊ ಮೊಬೈಲಿನಲ್ಲಿತ್ತು. ಕೊಳವೆಗಳನ್ನಿಡುವ ಚೌಕಟ್ಟಿನಲ್ಲಿ ಐದೈದರ ಸಾಲು. ಕೊಳವೆಗಳ ಮೇಲೆ ಅಂಕಿ ಇರಲಿಲ್ಲ, ನಿಂತ ಜಾಗವೇ ಗುರುತು. ಏಳರ ಕೆಳಗೆ ಸರಿಯಾಗಿ ಹನ್ನೆರಡು. ಪುಟದ ಬದಿಯಲ್ಲಿ ಅವಳದೇ ಕೈಬರಹ: ಮೂರು ನಲವತ್ತು, ಮನೆಯಿಂದ ಫೋನ್. ಅದು ನೆನಪಿತ್ತು. ಕೀರ್ತನಾಳಿಗೆ ಜ್ವರ. ಔಷಧಿ ಎಷ್ಟು ಮುಚ್ಚಳ ಹಾಕಬೇಕೆಂದು ಅವ್ವ ಕೇಳಿದ್ದಳು. ಹಿಂದೆ ಮಗು ಅಳುತ್ತಿತ್ತು. ಗಂಗಾಂಬಿಕಾ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಅರ್ಧ ಮುಚ್ಚಳ, ಅರ್ಧ ಎಂದು ಹೇಳುತ್ತ, ಎರಡು ಕೊಳವೆಗಳನ್ನು ಒಟ್ಟಿಗೆ ಎತ್ತಿ, ಒಟ್ಟಿಗೆ ಇಟ್ಟಿದ್ದಳು. ಅದಲುಬದಲಾಗಿದೆಯೇ ನೋಡು ಎಂದು ಗೈಡ್ ಸರ್ ಎರಡು ಸಲ ಕೇಳಿದ್ದರು. ಎರಡು ಸಲವೂ ನೋಡಿದ್ದೇನೆ ಸರ್ ಎಂದಿದ್ದಳು. ನೋಟ್‌ಬುಕ್ಕನ್ನು ನೋಡಿದ್ದು ನಿಜ.

ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಇದು ಗೊತ್ತಿರುವುದು ಅಂಕಿ ಬಾರದ ಒಬ್ಬ ಮುದುಕನಿಗೆ, ಅವನಿಗೂ ಗೊತ್ತಿರುವುದು ಜೋಡಿ ಮಾತ್ರ. ಪೆಟ್ಟಿಗೆಯನ್ನು ಮತ್ತೆ ಕಲಸಿ, ಚೀಟಿ ಮುಚ್ಚಿ ಓದಿದರೆ ಏಳರ ಹಸಿರು ಗಂಡು ಎಂದು ಬರುತ್ತದೆ, ಕೆಂಪು ಹೆಣ್ಣು ಎಂದು ಬರುತ್ತದೆ. ಒಂದೇ ಮೈಯಲ್ಲಿ ಎರಡೂ. ಅಂಥವು ಅಪರೂಪಕ್ಕೆ ಇರುವುದುಂಟು. ಮೂರನೆಯ ಅಧ್ಯಾಯ ಇನ್ನೂ ಗಟ್ಟಿಯಾಗುತ್ತದೆ. ಯಾರೂ ಕಲೆಯ ಅಂಚನ್ನು ನೋಡುವುದಿಲ್ಲ. ಅವಳೇ ಐದು ವರ್ಷ ನೋಡಿರಲಿಲ್ಲ. ಹೇಳಿದರೆ, ಮಳೆಗಾಲ ಮುಗಿದು ಕಡಲು ತಿಳಿಯಾಗುವ ತನಕ ಕಾಯಬೇಕು, ಬೇರೆ ಇಪ್ಪತ್ತು ಹಿಡಿಯಬೇಕು, ಬೇರೆ ಅಧ್ಯಾಯ ಬರೆಯಬೇಕು. ಇನ್ನೊಂದು ವರ್ಷ. ಕಾಲೇಜಿನವರು ಅಷ್ಟು ದಿನ ಕಾಯುವುದಿಲ್ಲ.

ಕೀರ್ತನಾ ಬಂದು ಬಾಗಿಲಿಗೆ ಒರಗಿದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಊರಿಂದ ತೆಗೆದುಕೊಂಡು ಹೋಗುವ ಸಾಮಾನನ್ನು ಅವಳು ಆಗಲೇ ಕೂಡಿಹಾಕುತ್ತಿದ್ದಳು: ಒಂದು ಸ್ಲೇಟು, ತಾತ ಕಟ್ಟಿಕೊಟ್ಟ ಉಣ್ಣೆಯ ಹಗ್ಗ, ಎಂಟು ಹುಣಸೆ ಬೀಜ.

"ಸಮುದ್ರದ ಸಾಲ್ಯಾಗ ಕುರಿ ಇರ್ತಾವೇನಮ್ಮ?" ಎಂದು ಕೇಳಿದಳು.

ಇಲ್ಲ ಎಂದಳು ಗಂಗಾಂಬಿಕಾ. ಹಾಗಾದರೆ ತಾನು ಒಂದು ಮರಿಯನ್ನು ತರಬಹುದೇ ಎಂದು ಕೀರ್ತನಾ ಕೇಳಿದಳು. ನೋಡೋಣ ಎಂದಳು. ಮಗು ಚೀಲ ಅಲ್ಲಾಡಿಸುತ್ತ ಹೋಯಿತು.

ಅವಳು ಎದ್ದು ಮತ್ತೆ ಅಪ್ಪನ ಹತ್ತಿರ ಹೋದಳು. ಟಗರು ಎದ್ದು ಕುಂಟುತ್ತಿತ್ತು. ಅವನು ಕಟ್ಟೆಯ ಮೇಲೆ ಜಾಗ ಬಿಟ್ಟ. ನಿನಗೆ ಯಾವತ್ತೂ ತಪ್ಪಿಲ್ಲವೇನಪ್ಪ, ಮರಿಗೆ ಬೇರೆ ತಾಯಿ ತೋರಿಸಿಲ್ಲವೇನು ಎಂದು ಕೇಳಿದಳು. ತಪ್ಪದೆ ಏನು, ಎಂದ ಕರಿಸಿದ್ದಪ್ಪ. ಚಿಗಟೇರಿ ಹೊಲಗಳಲ್ಲಿ ಕುರಿ ನಿಲ್ಲಿಸಿದ್ದ ಕಾಲ. ಒಂದು ಸಂಜೆ ಮಳೆ ಹಿಡಿಯಿತು. ಅವಸರದಲ್ಲಿ ಒಂದು ಮರಿಯನ್ನು ಬೇರೆ ಕುರಿಗೆ ಒಡ್ಡಿದ. ಮಳೆಗೆ ವಾಸನೆ ತೊಳೆದುಹೋಗಿತ್ತು. ಆ ಕುರಿ ಕುಡಿಸಿತು. ಮರಿ ಚೆನ್ನಾಗಿಯೇ ಬೆಳೆಯಿತು.

"ಮತ್ತೇನು ಆತು? ಏನೂ ಆಗಲಿಲ್ಲಲ್ಲ," ಎಂದಳು ಗಂಗಾಂಬಿಕಾ.

"ಏನೂ ಆಗಲಿಲ್ಲ. ಯಾರಿಗೂ ತಿಳೀಲಿಲ್ಲ." ಅವನು ಗೊರಸಿನಿಂದ ತೆಗೆದ ಜಾಲಿಮುಳ್ಳನ್ನು ಬೆರಳ ನಡುವೆ ತಿರುಗಿಸಿದ. "ಆ ಇನ್ನೊಂದು ಕುರಿ ಮೂರು ದಿನ ಒದರ್ತು. ನನಗ ಮಾತ್ರ ಗೊತ್ತಿತ್ತು, ಯಾಕ ಒದರಾಕಹತ್ತೈತಿ ಅಂತ."

ನಾಲ್ಕನೆಯ ದಿನ ಏನು ಮಾಡಿದೆ ಎಂದು ಅವಳು ಕೇಳಲಿಲ್ಲ. ಅವನು ಮುಳ್ಳನ್ನು ಕುರಿ ತುಳಿಯದ ಕಡೆ, ಬೇಲಿಯ ಆಚೆ ಎಸೆದು, ನಾಲ್ಕೂವರೆಯ ಬಿಸಿಲಿನಲ್ಲಿ ಮತ್ತೆ ಕುರಿ ಬಿಟ್ಟುಕೊಂಡು ಹೋದ.

ಅಂಗಳದಲ್ಲಿ ಸಿಗ್ನಲ್ ಸಿಗುವುದು ಹುಣಸೆಯ ಮರದ ಹತ್ತಿರ ಮಾತ್ರ. ಅಲ್ಲಿ ನಿಂತು ಗೈಡ್ ಸರ್‌ಗೆ ಫೋನ್ ಮಾಡಿದಳು. ಹಿಂದೆ ಫ್ಯಾನಿನ ಸದ್ದು, ಯಾರದೋ ನಗು. ಅವಳು ಮೊದಲು ಕೊಳವೆಯ ವಿಷಯ ಹೇಳಿದಳು, ಆಮೇಲೆ ಅಂಚಿನ ಸೀಳಿನ ವಿಷಯ. ಅವರು ಬಾಗಿಲು ಹಾಕಿಕೊಂಡದ್ದು ಕೇಳಿಸಿತು.

"ಖಚಿತವೇ?" ಎಂದರು.

"ಖಚಿತ ಸರ್. ನಾಲ್ಕು ಗಾಜಿನ ಫೋಟೊ ಕಳಿಸಿದ್ದೇನೆ."

ಅವರು ಫೋಟೊ ನೋಡುತ್ತಿದ್ದಿರಬೇಕು. ಬೈಯುತ್ತಾರೆಂದು ಕಾದಳು. ಎರಡು ಸಲ ಕೇಳಿದ್ದೆ ಎನ್ನುತ್ತಾರೆಂದು ಕಾದಳು. ಅವರು ಕೇಳಿದ್ದು ಬೇರೆ.

"ಇದನ್ನು ಜೋಡಿಸಿದವರು ಯಾರು?"

"ನಮ್ಮಪ್ಪ."

"ಚೀಟಿ ಓದಿರಲಿಕ್ಕಿಲ್ಲ ತಾನೆ?"

"ಅವರಿಗೆ ಓದಲು ಬರುವುದಿಲ್ಲ ಸರ್. ಕುರಿ ಕಾಯುತ್ತಾರೆ."

"ನಲವತ್ತಕ್ಕೆ ನಲವತ್ತು," ಎಂದು ಅವರು ತಮಗೇ ಹೇಳಿಕೊಂಡರು. ಆಮೇಲೆ ಧ್ವನಿ ಬದಲಿಸಿ, ಮೂರನೆಯ ಅಧ್ಯಾಯ ಹೋಯಿತು, ಅದು ನಿನಗೆ ಗೊತ್ತಿದೆ. ಅಕ್ಟೋಬರ್‌ನಲ್ಲಿ ಮತ್ತೆ ಹಿಡಿಯಬೇಕು. ಈ ಸಲ ಎಲ್ಲ ಗಾಜಿನ ಅಂಚನ್ನೂ ನೋಡುವ ಪದ್ಧತಿ ಮಾಡೋಣ, ಎಂದರು. ಮಗುವಿನ ಶಾಲೆಯ ವಿಷಯ ಅವರಿಗೆ ಗೊತ್ತಿತ್ತು, ಆದರೆ ಅದರ ಮಾತು ಬರಲಿಲ್ಲ. ಫೋನ್ ಇಡುವ ಮೊದಲು, ಗಾಜುಗಳ ಹಳೆಯ ಪೆಟ್ಟಿಗೆ ಒಂದಿದೆ, ಅದರ ಚೀಟಿಗಳೆಲ್ಲ ಉದುರಿ ಹೋಗಿವೆ, ಕಳಿಸಿದರೆ ನಿಮ್ಮ ತಂದೆಯವರು ನೋಡುತ್ತಾರೆಯೇ, ಎಂದು ಕೇಳಿದರು.

ಒಳಗೆ ಬಂದರೆ ಅವ್ವ ಹುಣಸೆಹಣ್ಣಿಗೆ ಉಪ್ಪು ಹಾಕಿ ಗಡಿಗೆಗೆ ತುಂಬುತ್ತಿದ್ದಳು. ಮಗಳ ಮುಖ ನೋಡಿದಳು. "ಇಲ್ಲಿ ಸಾಲಿಗೆ ಹೆಸರು ಹಚ್ಚಿಸಾಕ ಯಾವಾಗ ಹೋಗಬೇಕು?" ಎಂದಷ್ಟೇ ಕೇಳಿ, ಕೈಗೆ ಹತ್ತಿದ ಹಣ್ಣನ್ನು ಗಡಿಗೆಯ ಬಾಯಿಗೆ ಒರೆಸಿದಳು.

ಕೀರ್ತನಾಳಿಗೆ ಹೇಳುವುದು ಉಳಿದಿತ್ತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜೂನ್‌ಗೆ ಆಗುವುದಿಲ್ಲ, ಮುಂದಿನ ಜೂನ್‌ಗೆ ಎಂದಳು. ಯಾಕೆ ಎಂದಿತು ಮಗು. ಅಮ್ಮ ಎರಡನ್ನು ಅದಲುಬದಲು ಮಾಡಿಬಿಟ್ಟಿದ್ದಳು, ಮತ್ತೆ ಮೊದಲಿನಿಂದ ಮಾಡಬೇಕು, ಎಂದಳು. ಅಂಗನವಾಡಿಯಲ್ಲಿ ಅಕ್ಷರ ತಪ್ಪಿದರೆ ಐದು ಸಲ ಬರೆಸುತ್ತಾರಲ್ಲ, ಹಾಗೆಯೇ ಎಂದು ಕೀರ್ತನಾ ಕೇಳಿದಳು. ಹಾಗೆಯೇ ಎಂದಳು ಗಂಗಾಂಬಿಕಾ. ಮಗು ಚೀಲದೊಳಗೆ ಕೈ ಹಾಕಿ ಬೀಜಗಳನ್ನು ಎಣಿಸಿತು. ಎಂಟೇ ಇದ್ದವು. ಎದ್ದು ಕುರಿಗಳ ರೊಪ್ಪದ ಕಡೆ ಓಡಿತು.

ಕುರಿಗಳು ಬರುತ್ತಿದ್ದವು. ಧೂಳು ಮೊದಲು ಬಂತು, ಆಮೇಲೆ ಸದ್ದು. ಹಗಲೆಲ್ಲ ಗೂಡಿನಲ್ಲಿದ್ದ ಮರಿಗಳನ್ನು ಕರಿಸಿದ್ದಪ್ಪ ಬಿಟ್ಟ. ತಾಯಿಗಳ ಕೂಗೂ ಮರಿಗಳ ಕೂಗೂ ಒಂದರೊಳಗೊಂದು ಸಿಕ್ಕಿಕೊಂಡವು. ಹೆಚ್ಚಿನವು ತಾವೇ ದಾರಿ ಹುಡುಕಿಕೊಂಡವು. ಮೊನ್ನೆ ಹುಟ್ಟಿದ ಒಂದು ಕರಿಗಿವಿಯ ಮರಿ ಮಾತ್ರ ಸಿಕ್ಕ ಸಿಕ್ಕ ಕೆಚ್ಚಲಿಗೆ ಮೂತಿ ಹಾಕಿ ಒದೆಸಿಕೊಳ್ಳುತ್ತಿತ್ತು. ಕೀರ್ತನಾ ಅದನ್ನು ಎತ್ತಿಕೊಂಡಳು. ಅವಳ ತೋಳಿಗೆ ದೊಡ್ಡದಾಗಿ, ಕಾಲುಗಳು ಜೋತುಬಿದ್ದವು. ಯಾವ ಕುರಿ ಎಂದು ಹೇಳೆಂದು ತಾತನ ಕಡೆ ನೋಡಿದಳು. ಕರಿಸಿದ್ದಪ್ಪ ಬೇಕೆಂದೇ ಬೀಡಿ ಹಚ್ಚಿಕೊಂಡು ಬೇರೆ ಕಡೆ ತಿರುಗಿದ.

ಗಂಗಾಂಬಿಕಾ ಹೊಸ್ತಿಲ ಮೇಲೆ ಕೂತು ಹಸಿರು ಏಳನ್ನೂ ಕೆಂಪು ಹನ್ನೆರಡನ್ನೂ ಮತ್ತೊಮ್ಮೆ ಕೈಗೆತ್ತಿಕೊಂಡಿದ್ದಳು. ಒಂದರ ಮೇಲೊಂದು ಇಟ್ಟು ಸರಿಸಿದಳು. ಸೀಳು ಸೀಳಿಗೆ ಕೂತಿತು. ಹಾಗೇ ಹಿಡಿದು ಇಳಿಬಿಸಿಲಿಗೆ ಎತ್ತಿದಳು. ಗಾಜಿನಾಚೆ ರೊಪ್ಪ ನಸುಗೆಂಪಾಗಿತ್ತು. ನಲವತ್ತು ಕುರಿಗಳ ನಡುವೆ ಕೀರ್ತನಾ ಮರಿಯನ್ನು ಎದೆಗೆ ಅವುಚಿಕೊಂಡು, ಒಂದು ಕುರಿಯ ಮುಖ ನೋಡುವಳು, ಮರಿಯ ಮುಖ ನೋಡುವಳು, ಮುಂದಿನದಕ್ಕೆ ಹೋಗುವಳು.